ಬಿಲ್ಲಿನ ಪದರ ಬಿಟ್ಟಿದೆ: ಅರಾಲ್ಡೈಟ್ ಹಾಕಲಾ, ಫೆವಿಕಾಲ್ ಸಾಕಾ?

ಕೆಳಲಿಂಬ್ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇಂಡಿಯನ್ ರೌಂಡ್ (ಬಿದಿರು-ಮರದ ಬಿಲ್ಲಿನಲ್ಲಿ ಆಡುವ ಬಿಲ್ಲುಗಾರಿಕೆ ಸ್ಪರ್ಧೆ) ಅಭ್ಯಾಸಕ್ಕೆ ಬಳಸುವ ಪದರದ ಬಿಲ್ಲು ಇದು. ಉದ್ದ 64 ಇಂಚು, ಹೆದೆಯನ್ನು 28 ಇಂಚು ಎಳೆಯಲು ಸುಮಾರು 30 ಪೌಂಡ್ ಬಲ ಬೇಕು. ಬೆನ್ನಿಗೆ (ಗುರಿಯ ಕಡೆಯ ಮೈ) ಬಿದಿರಿನ ಪಟ್ಟಿ, ಹೊಟ್ಟೆಗೆ (ಎಳೆಯುವವರ ಕಡೆಯ ಮೈ) ಸಾಗುವಾನಿ. ಕೆಳಗಿನ ಲಿಂಬ್‌ನಲ್ಲಿ (ಹಿಡಿಯಿಂದ ತುದಿವರೆಗಿನ ಬಾಗುವ ತೋಳು), ಹಿಡಿಯ ದಪ್ಪ ಇಳಿಯುತ್ತಾ ಬಂದು ಮುಗಿಯುತ್ತದಲ್ಲ, ಅಲ್ಲಿಂದ ತುದಿಯ ಕಡೆಗೆ ನಾಲ್ಕು ಇಂಚು ಬಿದಿರೂ ಸಾಗುವಾನಿಯೂ ಬಿಟ್ಟುಕೊಂಡಿವೆ. ಬಲಮಗ್ಗುಲಲ್ಲಿ ವಿಸಿಟಿಂಗ್ ಕಾರ್ಡ್ ಒಂದು ಸೆಂಟಿಮೀಟರ್ ಒಳಗೆ ಹೋಗುತ್ತದೆ. ಎಡಮಗ್ಗುಲಲ್ಲಿ ಕೂದಲೆಳೆಯಷ್ಟು ಗೆರೆ ಮಾತ್ರ.

ಏಪ್ರಿಲ್ ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನ ಹಿಂದಿನ ಸೀಟಿನಲ್ಲಿ ಇತ್ತು, ಅದೇ ಕಾರಣ ಅಂದುಕೊಂಡಿದ್ದೇನೆ. ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಒಬ್ಬರು ಫೆವಿಕಾಲ್ ಮರೀನ್ ಅಂದರು, ಇನ್ನೊಬ್ಬರು ಅರಾಲ್ಡೈಟ್ ಅಂದರು, ಮೂರನೆಯವರು ಫೆವಿಕ್ವಿಕ್ ಸುರಿದು ಒತ್ತಿ ಹಿಡಿ ಅಂದರು. ಎಲ್ಲಕ್ಕಿಂತ ಗಟ್ಟಿ ಹಿಡಿತದ ಅಂಟು ಯಾವುದು? ಹಾಕುವ ಕ್ರಮ ಏನು? ಲಿಂಬ್‌ನಲ್ಲಿ ಬೇರೆ ಬಿರುಕು ಕಣ್ಣಿಗೆ ಬಿದ್ದಿಲ್ಲ.

ದುರ್ಗದ ಬಡಗಿ (ಚಿತ್ರದುರ್ಗ):

ಅಂಟಿನ ಮಾತು ಆಮೇಲೆ. ಮೊದಲು ಹೆದೆ ಇಳಿಸಿ, ಕೆಲಸ ಮುಗಿಯೋ ತನಕ ಏರಿಸಬ್ಯಾಡ್ರಿ. "ಸ್ವಲ್ಪ ಎಳೆದು ನೋಡೋಣ, ಎಷ್ಟು ಬಾಯಿ ಬಿಡುತ್ತೆ" ಅಂತ ಎಷ್ಟೋ ಜನ ನಾಲ್ಕು ಇಂಚನ್ನ ಹತ್ತು ಇಂಚು ಮಾಡ್ಕೊಂಡಾರೆ. ಹೊಟ್ಟೆ ಕಡೆ ಪದರ ಒತ್ತಡದಲ್ಲಿ ಇರ್ತದೆ. ಹಿಡಿತ ತಪ್ಪಿದ ಕಡೆ ಅದು ಹೊರಕ್ಕೆ ಉಬ್ಬಿ, ಸಂದಿನ ಕೊನೇನ ಬೆಣೆ ಹೊಡೆದಂಗೆ ಸೀಳ್ತಾ ಹೋಗ್ತದೆ.

ಎರಡನೇದು, ರಿಪೇರಿಗೆ ಯೋಗ್ಯ ಐತೋ ಇಲ್ಲೋ ನೋಡ್ರಿ. ಹತ್ತಿ ಉಂಡೆ ತಗೊಂಡು ಬೆನ್ನಿನ ಮೇಲೆ ತುದಿಯಿಂದ ಹಿಡಿವರೆಗೆ ಸವರ್ರಿ. ಎಳೆ ಸಿಕ್ಕಿಕೊಂಡ ಕಡೆ ಬಿದಿರಿನ ನಾರು ಎದ್ದಿರ್ತದೆ. ಹೊಟ್ಟೆ ಕಡೆ ಟಾರ್ಚನ್ನ ಅಡ್ಡ ಹಿಡಿದು, ನಾರಿಗೆ ಅಡ್ಡವಾಗಿ ಸಣ್ಣ ಸುಕ್ಕಿನ ಗೆರೆ ಇದಾವೇನು ನೋಡ್ರಿ. ಆ ಗೆರೆ ಇದ್ದರೆ ಮರದ ನಾರೇ ಜಜ್ಜಿ ಹೋಗೈತೆ ಅಂತ ಅರ್ಥ, ಯಾವ ಅಂಟೂ ಅದನ್ನ ಸರಿ ಮಾಡಲ್ಲ. ಬೆನ್ನಿನ ಬಿದಿರು ಅಡ್ಡಕ್ಕೆ ಬಿರುಕು ಬಿಟ್ಟಿದ್ದರೂ ಅಷ್ಟೇ, ಗೋಡೆಗೆ ನೇತು ಹಾಕ್ರಿ. ಆಮೇಲೆ ಲಿಂಬ್ ಉದ್ದಕ್ಕೂ ಒಂದು ನಾಣ್ಯದಿಂದ ತಟ್ಟುತಾ ಬರ್ರಿ. ಗಟ್ಟಿ ಇರೋ ಕಡೆ ಟಣ್ ಅಂತದೆ, ಬಿಟ್ಟ ಕಡೆ ಡಬ್ ಅಂತದೆ. ಶಬ್ದ ಬದಲಾಗೋ ಜಾಗಕ್ಕೆ ಪೆನ್ಸಿಲ್ ಗುರುತು ಹಾಕ್ರಿ. ಕಣ್ಣಿಗೆ ನಾಲ್ಕು ಇಂಚು ಕಂಡರೆ ಒಳಗೆ ಐದು ಇರೋದು ಮಾಮೂಲು. ಮೇಲಿನ ಲಿಂಬನ್ನೂ ತಟ್ಟಿ ನೋಡ್ರಿ, ಅದೂ ಅದೇ ಕಾರಿನಾಗೇ ಇತ್ತಲ್ಲ.

ಮೂರನೇದು, ಹಳೇ ಅಂಟು ಯಾವುದು? ಸಂದಿಯೊಳಗೆ ಬ್ಲೇಡ್ ತುದಿ ಹಾಕಿ ಒಂದು ಚಕ್ಕೆ ಕೆರೆದು ತೆಗೀರಿ. ಬಿಸಿನೀರಿಗೆ ಹಾಕಿ ಐದು ನಿಮಿಷ ಬಿಡ್ರಿ. ಬೆಳ್ಳಗಾಗಿ ರಬ್ಬರಿನಂಗೆ ಮೆತ್ತಗಾದ್ರೆ ಫೆವಿಕಾಲ್ ಜಾತಿಯ ಬಿಳಿ ಅಂಟು. ಕರಗಿ ಬೆರಳಿಗೆ ಅಂಟಿದ್ರೆ ಚರ್ಮ, ಮೂಳೆ ಬೇಯಿಸಿ ಮಾಡೋ ಸರೇಸು. ಬಿಸಿಗೆ ಚೂರು ಬಾಗಿದ್ರೂ ತಣ್ಣಗಾದ ಮೇಲೆ ಗಾಜಿನಂಗೆ ಗಟ್ಟಿಯಾಗೇ ಇದ್ರೆ ಎಪಾಕ್ಸಿ, ಅರಾಲ್ಡೈಟಿನಂಗೆ ಎರಡು ಟ್ಯೂಬಿನದು ಕಲಸಿ ಹಚ್ಚೋ ಅಂಟು. ಇದು ಗೊತ್ತಾಗದೇ ಅಂಟು ಆರಿಸೋದು ಕುರುಡು ಕೆಲಸ.

ಮರೀನ್ ಪಕ್ಷ:

ಬಡಗಿಯವರ ಮಾತು ಸರಿ. ಆದರೆ ಫೆವಿಕಾಲ್ ಮರೀನನ್ನು ತಳ್ಳಿಹಾಕಬೇಡಿ. ಹೊರದೇಶಗಳಲ್ಲಿ ಬಿದಿರು-ಮರದ ಬಿಲ್ಲು ಮಾಡುವವರು ಟೈಟ್‌ಬಾಂಡ್ 3 ಎಂಬ ಮರದ ಅಂಟಿನಲ್ಲೇ ಎಷ್ಟೋ ಬಿಲ್ಲು ಕಟ್ಟುತ್ತಾರೆ. ಅದೂ ನೀರಿನಲ್ಲಿ ಬೆರೆತ ಬಿಳಿ ಅಂಟಿನ ಕುಟುಂಬದ್ದೇ. ಮರ-ಮರ ಕೂಡಿಸುವಾಗ ಅದು ಮರಕ್ಕಿಂತ ಗಟ್ಟಿ. ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಅಳತೆ ಹಾಕಿ ಕಲಸುವ ತಾಪತ್ರಯ ಇಲ್ಲ.

ಅಂಟಿನ ಲೆಕ್ಕ (ದಾವಣಗೆರೆ):

ಹೊಸ ಬಿಲ್ಲು ಕಟ್ಟುವಾಗ ಮರೀನ್ ಪಕ್ಷದವರ ಮಾತು ಒಪ್ಪುತ್ತೇನೆ. ಆಗ ಎರಡೂ ಮೈ ಹೊಸದಾಗಿ ಹೆರೆದಿರುತ್ತವೆ, ಸಂದು ಕಾಗದದಷ್ಟೂ ಇರುವುದಿಲ್ಲ, ಎರಡು ಇಂಚಿಗೊಂದು ಕ್ಲಾಂಪ್ ಬಿಗಿದಿರುತ್ತಾರೆ. ರಿಪೇರಿಯಲ್ಲಿ ಈ ಮೂರರಲ್ಲಿ ಒಂದೂ ಕೈಗೆ ಸಿಗುವುದಿಲ್ಲ. ಬಿಳಿ ಅಂಟು ಗಟ್ಟಿಯಾಗುವುದು ಅದರ ನೀರನ್ನು ಮರ ಹೀರಿದಾಗ. ಹಳೆಯ ಎಪಾಕ್ಸಿ ಬಳಿದುಕೊಂಡ ಮೈ ನೀರು ಹೀರುವುದಿಲ್ಲ, ಹಾಗಾಗಿ ಆ ಬದಿಗೆ ಹಿಡಿತವೇ ಬರುವುದಿಲ್ಲ. ಸಂದಿನ ಅಂಚು ಬೇಗ ಒಣಗಿ ಮುಚ್ಚಿಕೊಳ್ಳುತ್ತದೆ, ನಡುವಿನದು ದಿನಗಟ್ಟಲೆ ಹಸಿಯಾಗಿ ಉಳಿಯುತ್ತದೆ. ನೀರು ಹೋದ ಮೇಲೆ ಅಂಟು ಕುಗ್ಗುವುದರಿಂದ, ಇದ್ದ ಸಂದೂ ತುಂಬುವುದಿಲ್ಲ. ಜೊತೆಗೆ, ಸದಾ ಬಿಗಿತದಲ್ಲಿ ಇಟ್ಟರೆ ಬಿಳಿ ಅಂಟು ನಿಧಾನಕ್ಕೆ ಜಾರುತ್ತದೆ, ಕಾವು ಏರಿದಷ್ಟೂ ಹೆಚ್ಚು. ನಮ್ಮೂರ ಏಪ್ರಿಲ್-ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿಯ ಹತ್ತಿರ ಹೋಗುತ್ತದೆ. ಹೆದೆ ಏರಿಸಿ ಮಧ್ಯಾಹ್ನವಿಡೀ ಮೈದಾನದಲ್ಲಿ ನಿಲ್ಲಿಸುವ ಬಿಲ್ಲಿಗೆ ಅದು ಒಗ್ಗುವುದಿಲ್ಲ.

ಇನ್ನು "ಎಲ್ಲಕ್ಕಿಂತ ಗಟ್ಟಿ ಅಂಟು" ಎಂಬ ಪ್ರಶ್ನೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 30 ಪೌಂಡ್ ಅಂದರೆ 13.6 ಕೆಜಿ. ಪೂರ್ತಿ ಎಳೆದಾಗ ಹಿಡಿಯ ಪಕ್ಕದಲ್ಲಿ ಒಂದೊಂದು ಲಿಂಬ್ ಹೊರುವ ಅಡ್ಡಬಲ ಅದರ ಅರ್ಧ, 6.8 ಕೆಜಿ. ಅಲ್ಲಿ ಲಿಂಬ್ 32 ಮಿಮೀ ಅಗಲ, 12 ಮಿಮೀ ದಪ್ಪ ಎಂದುಕೊಳ್ಳಿ, ಅಡ್ಡಕೊಯ್ತ 3.84 ಚದರ ಸೆಂಮೀ. ಬಾಗುವ ಪಟ್ಟಿಯಲ್ಲಿ ಪದರಗಳು ಒಂದರ ಮೇಲೊಂದು ಜಾರಲು ಹವಣಿಸುವ ಒತ್ತಡ ದಪ್ಪದ ನಡುಮಧ್ಯದಲ್ಲಿ ಅತಿ ಹೆಚ್ಚು, ಸರಾಸರಿಯ ಒಂದೂವರೆ ಪಟ್ಟು. ಅಂದರೆ ಚದರ ಸೆಂಮೀಗೆ ಸುಮಾರು 2.7 ಕೆಜಿ. ಸರಿಯಾಗಿ ಹಿಡಿದ ಎಪಾಕ್ಸಿ ನೂರು ಕೆಜಿಗೂ ಮೇಲೆ ತಡೆಯುತ್ತದೆ. ಬಾಣ ಬಿಟ್ಟಾಗಿನ ಹೊಡೆತ ಹಲವು ಪಟ್ಟು ಹೆಚ್ಚಾದರೂ ಅಂತರ ಬೇಕಾದಷ್ಟಿದೆ. ಡಬ್ಬಿಯ ಮೇಲೆ ಬರೆದಿರುವ ಬಲ ನೋಡಿ ಅಂಟು ಆರಿಸಿ ಪ್ರಯೋಜನ ಇಲ್ಲ ಎನ್ನುವುದು ಇದಕ್ಕೇ. ಪದರ ಬಿಡುವುದಕ್ಕೆ ಕಾರಣ ಬೇರೆ: ಮೈ ಸರಿಯಾಗಿ ಸಿದ್ಧವಾಗಿಲ್ಲದಿರುವುದು, ಕ್ಲಾಂಪ್ ಅತಿಯಾಗಿ ಬಿಗಿದು ಅಂಟೆಲ್ಲ ಹೊರಗೆ ಹಿಂಡಿ ಹೋಗಿರುವುದು, ಕಾವು, ಮತ್ತು ಅಂಚಿನಿಂದ ಸಿಪ್ಪೆ ಸುಲಿದಂತೆ ಎಬ್ಬಿಸುವ ಬಲ. ಜಾರುವ ಬಲಕ್ಕೆ ಜಗ್ಗದ ಅಂಟೂ ಸುಲಿಯುವ ಬಲಕ್ಕೆ ಸೋಲುತ್ತದೆ. ಹಿಡಿಯ ದಪ್ಪ ಮುಗಿಯುವ ಜಾಗದಲ್ಲಿ ಬಿಗಿತ ಥಟ್ಟನೆ ಬದಲಾಗುವುದರಿಂದ ಆ ಬಲ ಅಲ್ಲೇ ಕೂಡುತ್ತದೆ. ನಿಮ್ಮ ಬಿಲ್ಲು ಸರಿಯಾಗಿ ಅಲ್ಲೇ ಬಿಟ್ಟಿದೆ.

ಫೆವಿಕ್ವಿಕ್ ಬಗ್ಗೆ ಒಂದೇ ಮಾತು: ನೀರಿನಷ್ಟು ತೆಳು, ಕೂದಲ ಸಂದಿಗೂ ನುಗ್ಗುತ್ತದೆ ನಿಜ. ಆದರೆ ಒಳಗೆ ಹರಡುವ ಮೊದಲೇ ಗಟ್ಟಿಯಾಗುತ್ತದೆ, ಪೆಡಸು, ಸುಲಿಯುವ ಬಲಕ್ಕೆ ಗಾಜಿನಂತೆ ಒಡೆಯುತ್ತದೆ. ಒಮ್ಮೆ ಸುರಿದರೆ ಆಮೇಲೆ ಹಾಕುವ ಎಪಾಕ್ಸಿಗೆ ಮರ ಸಿಗುವುದಿಲ್ಲ. ಸನ್‌ಮೈಕಾಕ್ಕೆ ಹಚ್ಚುವ ಹಳದಿ ರಬ್ಬರ್ ಅಂಟಂತೂ ಬೇಡವೇ ಬೇಡ, ಗಟ್ಟಿಯಾದ ಮೇಲೂ ಹಿಗ್ಗುತ್ತಲೇ ಇರುತ್ತದೆ. ನೊರೆ ಬರುವ ಪಾಲಿಯುರೆಥೇನ್ ಸಂದು ತುಂಬಿದಂತೆ ಕಾಣುತ್ತದೆ, ಆ ನೊರೆಯಲ್ಲಿ ಬಲ ಇಲ್ಲ.

ಹಳೇ ಅಂಟು ಎಪಾಕ್ಸಿಯೇ ಆಗಿದ್ದರೆ ನನ್ನ ಆಯ್ಕೆ ನಿಧಾನದ ಅರಾಲ್ಡೈಟ್ ಸ್ಟ್ಯಾಂಡರ್ಡ್. ಐದು ನಿಮಿಷದಲ್ಲಿ ಕಟ್ಟಿಕೊಳ್ಳುವ ಜಾತಿ ಬೇಡ. ಅದು ಕಾವಿಗೆ ಬೇಗ ಮೆತ್ತಗಾಗುತ್ತದೆ, ಬಿಗಿಯಲು ಸೈಕಲ್ ಟ್ಯೂಬ್ ಸುತ್ತುವಷ್ಟು ಸಮಯವನ್ನೂ ಕೊಡುವುದಿಲ್ಲ. ಹಳೇ ಅಂಟು ಸರೇಸಾಗಿದ್ದರೆ ಲೆಕ್ಕ ಬೇರೆ. ಹೊಸ ಬಿಸಿ ಸರೇಸು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಕೊಂಬು, ಮರ, ಪ್ರಾಣಿಯ ಸ್ನಾಯುರಜ್ಜು ಸೇರಿಸಿ ಕಟ್ಟುತ್ತಿದ್ದ ಹಳೇ ಕಾಲದ ಬಿಲ್ಲುಗಳೆಲ್ಲ ಆ ಜಾತಿಯ ಅಂಟಿನ ಮೇಲೇ ನಿಂತಿದ್ದವು. ದುರ್ಗ, ಚಳ್ಳಕೆರೆಯಂಥ ಒಣ ಸೀಮೆಗೆ ಅದು ಕೆಟ್ಟ ಅಂಟೇನಲ್ಲ, ಮಳೆಗಾಲದ ತೇವ ಮಾತ್ರ ಅದಕ್ಕೆ ಆಗದು.

ಕೆಳಲಿಂಬ್:

ಎಲ್ಲರಿಗೂ ಧನ್ಯವಾದ. ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಹೊಟ್ಟೆಯಲ್ಲಿ ಅಡ್ಡಗೆರೆ ಇಲ್ಲ. ಮೇಲಿನ ಲಿಂಬ್ ಉದ್ದಕ್ಕೂ ಒಂದೇ ಶಬ್ದ. ಕೆಳಗಿನದರಲ್ಲಿ ಶಬ್ದ ಬದಲಾಗುವುದು ನಾಲ್ಕೂಮುಕ್ಕಾಲು ಇಂಚಿಗೆ. ಚಕ್ಕೆ ಜೇನಿನ ಬಣ್ಣದ್ದು, ಬಿಸಿನೀರಲ್ಲಿ ಇದ್ದಾಗ ಚೂರು ಬಾಗಿತು, ತಣ್ಣಗಾದ ಮೇಲೆ ಪಟ್ಟಂತ ಮುರಿಯಿತು. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದಿಂದ ನೋಡಿದರೆ ಅಂಟೆಲ್ಲ ಬಿದಿರಿನ ಮೈಗೇ ಉಳಿದಿದೆ, ಹೊಳೆಯುತ್ತಿದೆ. ಸಾಗುವಾನಿ ಬದಿ ಖಾಲಿ.

ದುರ್ಗದ ಬಡಗಿ:

ಅಂಟಿಗೆ ಸಾಗುವಾನಿ ನಾರೇನಾದ್ರೂ ಕಿತ್ತು ಬಂದೈತೇನ್ರಿ? ಇಲ್ಲ ಅಂದ್ರೆ ಕಥೆ ಗೊತ್ತಾತು. ಅಂಟು ಮುರಿದಿಲ್ಲ, ಮರಾನೂ ಹರಿದಿಲ್ಲ. ಅಂಟು ಸಾಗುವಾನಿಗೆ ಸರಿಯಾಗಿ ಹಿಡಿದೇ ಇರಲಿಲ್ಲ. ಆ ಮರದ ಎಣ್ಣೆ ಮೈಮೇಲೆ ಬಂದು ಕೂತಿದ್ದಾಗ ಕೂಡಿಸ್ಯಾರೆ. ಕಾರಿನ ಬಿಸಿ ನೆಪ ಮಾತ್ರ. ಮುಚ್ಚಿದ ಕಾರಿನೊಳಗೆ 60 ಡಿಗ್ರಿ ದಾಟೋದು ಏನೂ ದೊಡ್ಡದಲ್ಲ, ಕೋಣೆ ಕಾವಿನಲ್ಲಿ ಗಟ್ಟಿಯಾದ ಎಪಾಕ್ಸಿ ಆ ಹೊತ್ತಿಗೆ ಮೆತ್ತಗಾಗಿರ್ತದೆ. ಆದ್ರೆ ಮೇಲಿನ ಲಿಂಬ್ ಅದೇ ಬಿಸಿ ತಡ್ಕೊಂಡೈತಲ್ಲ.

ಹಳೇ ಅಂಟು ಎಪಾಕ್ಸಿನೇ, ಹಂಗಾಗಿ ಅರಾಲ್ಡೈಟ್ ಸ್ಟ್ಯಾಂಡರ್ಡೇ ಸರಿ, ಮುಕ್ಕಾಲು ಕೆಲಸ ಸಾಗುವಾನಿ ಮೈ ಕೆರೆಯೋದ್ರಾಗೈತೆ. ಬೇಕಾಗೋ ಸಾಮಾನು: ಹಳೇ ಎಕ್ಸ್‌ರೇ ಫಿಲ್ಮ್, 120 ಮತ್ತು 180 ನಂಬರಿನ ಸ್ಯಾಂಡ್‌ಪೇಪರ್, ಶುದ್ಧ ಅಸಿಟೋನ್, 5 ಮಿಲೀ ಸಿರಿಂಜ್, ದಪ್ಪ ಸೂಜಿ (18 ಗೇಜ್), ಪ್ಯಾಕಿಂಗ್ ಟೇಪ್, ಹಳೇ ಸೈಕಲ್ ಟ್ಯೂಬ್ ಎರಡು, ಎರಡು ಜಿ ಕ್ಲಾಂಪ್, ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್. ಉಗುರು ಬಣ್ಣ ತೆಗೆಯೋ ದ್ರಾವಣ ಅಸಿಟೋನ್ ಬದಲು ತರಬ್ಯಾಡ್ರಿ, ಅದರಾಗೆ ಎಣ್ಣೆ, ವಾಸನೆ ಬೆರೆಸಿರ್ತಾರೆ. ಬಣ್ಣದಂಗಡಿ ಥಿನ್ನರ್ ಕೂಡ ಬ್ಯಾಡ, ಹಲವು ದ್ರಾವಣದ ಮಿಶ್ರಣ ಅದು, ಒಣಗಿದ ಮೇಲೂ ಜಿಡ್ಡು ಉಳಿಸಬಹುದು.

ಸಂದು ಮುಗಿಯೋ ಜಾಗದಿಂದ ಅರ್ಧ ಇಂಚು ಮುಂದೆ, ಗಟ್ಟಿ ಇರೋ ಕಡೆ, ಮರದ ತುಂಡು ಕೊಟ್ಟು ಒಂದು ಕ್ಲಾಂಪ್ ಹಾಕ್ರಿ. ಸಂದು ಅಗಲಿಸುವಾಗ ಸೀಳು ಮುಂದಕ್ಕೆ ಓಡದಂಗೆ ಅದು ತಡೀತದೆ. ಆಮೇಲೆ ಬಲಮಗ್ಗುಲಿನಿಂದ ತೆಳು ಬಿದಿರುಕಡ್ಡಿಯ ಬೆಣೆ ಕೊಟ್ಟು ಒಂದು ಮಿಲಿಮೀಟರ್, ಹೆಚ್ಚಂದ್ರೆ ಒಂದೂವರೆ, ಅಷ್ಟೇ ತೆರೀರಿ. ಎಡಮಗ್ಗುಲಿನ ಕೂದಲು ಗೆರೆ ತಾನೇ ಬಿಟ್ಟುಕೊಂಡ್ರೆ ಒಳ್ಳೇದು, ಎರಡೂ ಕಡೆಯಿಂದ ಕೈ ಆಡ್ತದೆ. ಬಿಡದಿದ್ರೆ ಬಲವಂತ ಮಾಡಬ್ಯಾಡ್ರಿ.

ಎಕ್ಸ್‌ರೇ ಫಿಲ್ಮನ್ನ ಬೆರಳಗಲದ ಪಟ್ಟಿ ಮಾಡಿ, ಒಂದೇ ಬದಿಗೆ 120ರ ಸ್ಯಾಂಡ್‌ಪೇಪರ್ ಅಂಟಿಸ್ರಿ. ಉಜ್ಜೋ ಬದಿ ಸಾಗುವಾನಿ ಕಡೆ ಇರಲಿ. ಹಿಂದೆ ಮುಂದೆ ಎಳೀತಾ ಹೊಸ ಮರದ ಬಣ್ಣ ಕಾಣೋ ತನಕ ಉಜ್ಜಿ. ತಿಕ್ಕಿದ ಸಾಗುವಾನಿ ಪುಡಿ ಹಸಿ ಕಂದು ಬಣ್ಣಕ್ಕೆ ತಿರುಗಿದ್ರೆ ಒಳಗಿನ ಮರ ಸಿಕ್ಕಿತು ಅಂತ. ಬಿದಿರಿನ ಬದಿಯ ಹಳೇ ಎಪಾಕ್ಸಿ ಪೂರ್ತಿ ತೆಗೀಬೇಕಂತಿಲ್ಲ. 180ರಲ್ಲಿ ಹೊಳಪು ಹೋಗೋವಷ್ಟು ತಿಕ್ಕಿದ್ರೆ ಹೊಸ ಎಪಾಕ್ಸಿ ಅದಕ್ಕೆ ಹಿಡೀತದೆ. ಪುಡಿ ಊದೋಕೆ ಪಂಕ್ಚರ್ ಅಂಗಡಿ ಗಾಳಿ ಹಿಡೀಬ್ಯಾಡ್ರಿ, ಕಂಪ್ರೆಸರ್‌ನಾಗಿನ ಎಣ್ಣೆ ಹನಿ, ನೀರು ಅದರ ಜೊತೆಗೇ ಬರ್ತವೆ. ಕೈಪಂಪು ಸಾಕು.

ಅಸಿಟೋನ್ ಒರೆಸೋ ಮೊದಲು ಸಂದಿನ ಎರಡೂ ಅಂಚಿಗೆ ಸರಿಯಾಗಿ ಪ್ಯಾಕಿಂಗ್ ಟೇಪ್ ಹಾಕ್ರಿ, ಇಲ್ಲಾಂದ್ರೆ ಬಿಲ್ಲಿನ ವಾರ್ನಿಷ್ ಕರಗ್ತದೆ. ಬಿಳಿ ಹತ್ತಿಬಟ್ಟೆ ಪಟ್ಟಿಯನ್ನ ಅಸಿಟೋನ್‌ನಾಗೆ ಅದ್ದಿ ಸಂದಿಯೊಳಗೆ ಎಳೀರಿ. ಬಟ್ಟೆಗೆ ಹಳದಿ ಬರೋದು ನಿಂತ್ರೆ ಎಣ್ಣೆ ಹೋತು ಅಂತ. ಹದಿನೈದು ನಿಮಿಷ ಆರಲಿ, ಆ ಕೂಡಲೇ ಅಂಟು ಹಾಕ್ರಿ. ರಾತ್ರಿ ಒರೆಸಿ ಬೆಳಿಗ್ಗೆ ಅಂಟಿಸಿದ್ರೆ ಒಳಗಿನ ಎಣ್ಣೆ ತಿರುಗಿ ಮೈಗೆ ಬಂದಿರ್ತದೆ. ಇನ್ನೊಂದು, ಬೀಡಿ ಸಿಗರೇಟು, ಸ್ಟವ್ ಯಾವುದೂ ಹತ್ತಿರ ಬ್ಯಾಡ.

ಅಂಟಿನ ಲೆಕ್ಕ:

ಅಳತೆ ನಾನು ಹೇಳುತ್ತೇನೆ. 12 ಸೆಂಮೀ ಉದ್ದ, 3.2 ಸೆಂಮೀ ಅಗಲ, 0.2 ಮಿಮೀ ದಪ್ಪದ ಪದರಕ್ಕೆ ಬೇಕಾಗುವುದು 0.8 ಮಿಲೀ. ಹಿಂಡಿ ಹೊರಬರುವುದೂ ಸೇರಿ 3 ಮಿಲೀ ಸಾಕು. ಆದರೂ ಕಲಸುವುದು 10 ಮಿಲೀ ಇರಲಿ. ಸ್ವಲ್ಪವೇ ಕಲಸಿದಾಗ ಒಂದು ಹನಿ ಹೆಚ್ಚುಕಮ್ಮಿಯಾದರೂ ಅನುಪಾತ ಕೆಟ್ಟು, ಎಷ್ಟು ದಿನವಾದರೂ ಬೆರಳಿಗೆ ಅಂಟುವ ಹಾಗೆಯೇ ಉಳಿಯುತ್ತದೆ. ಅರಾಲ್ಡೈಟ್ ಸ್ಟ್ಯಾಂಡರ್ಡ್‌ಗೆ ಅಳತೆಯಲ್ಲಿ ಒಂದಕ್ಕೊಂದು ಸಮ. ತೂಕದಲ್ಲಾದರೆ ಒಂದು ಟ್ಯೂಬಿನ ರಾಳ (ರೆಸಿನ್) 10 ಗ್ರಾಮಿಗೆ ಇನ್ನೊಂದರ ಹಾರ್ಡನರ್ 8 ಗ್ರಾಮ್. ಬೇಗ ಒಣಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವವರಿದ್ದಾರೆ. ಅದು ವೇಗ ಹೆಚ್ಚಿಸುವ ಮದ್ದಲ್ಲ, ರಾಸಾಯನಿಕ ಕ್ರಿಯೆಯ ಅರ್ಧ ಪಾಲು. ಹೆಚ್ಚಾದರೆ ಅಂಟು ಮೆತ್ತಗೇ ಉಳಿಯುತ್ತದೆ.

ಎರಡು ನಿಮಿಷ ಬಿಡದೆ ಕಲಸಿ, ಬಟ್ಟಲಿನ ತಳ, ಗೋಡೆ ಕೆರೆದು ಇನ್ನೊಂದು ಬಟ್ಟಲಿಗೆ ಹಾಕಿ ಮತ್ತೆ ಒಂದು ನಿಮಿಷ. ದಪ್ಪ ಇದ್ದು ಸೂಜಿಯಲ್ಲಿ ಇಳಿಯದಿದ್ದರೆ ಅಸಿಟೋನ್ ಬೆರೆಸಿ ತೆಳು ಮಾಡಬೇಡಿ. ಅದು ಆವಿಯಾಗಿ ಹೋಗಲು ಮುಚ್ಚಿದ ಸಂದಿನಲ್ಲಿ ದಾರಿ ಇಲ್ಲ, ಗುಳ್ಳೆಯಾಗಿ ಕೂರುತ್ತದೆ. ಕಲಸುವ ಮೊದಲೇ ಅಂಟಿನ ಎರಡೂ ಟ್ಯೂಬುಗಳನ್ನು 45 ಡಿಗ್ರಿಯ ಬಿಸಿನೀರಲ್ಲಿ ಹತ್ತು ನಿಮಿಷ ಇಡಿ, ಸಲೀಸಾಗಿ ಹರಿಯುತ್ತದೆ. ಬಿಸಿ ಮಾಡಿದ್ದಕ್ಕೆ ಕೆಲಸದ ಸಮಯ ಕಡಿಮೆಯಾಗುತ್ತದೆ. ಕಲಸಿದ್ದನ್ನು ಆಳವಾದ ಲೋಟದಲ್ಲಿ ಬಿಡದೆ ತಟ್ಟೆಗೆ ಹರಡಿ, ಗುಡ್ಡೆಯಾಗಿದ್ದರೆ ತನ್ನ ಕಾವಿಗೇ ಬೇಗ ಗಟ್ಟಿಯಾಗುತ್ತದೆ. ಕೈಗವಸು ಹಾಕಿ. ಎಪಾಕ್ಸಿಗೆ ಚರ್ಮ ಒಮ್ಮೆ ಒಗ್ಗದಾದರೆ ಆ ತುರಿಕೆ ಮತ್ತೆ ಮತ್ತೆ ಬರುತ್ತದೆ.

ಸೂಜಿಯನ್ನು ಸಂದಿನ ಒಳಕೊನೆಯಿಂದ ಶುರುಮಾಡಿ ಹಿಂದಕ್ಕೆ ತನ್ನಿ. ಹೊರಗಿನಿಂದ ತುಂಬಿದರೆ ಒಳಗೆ ಗಾಳಿ ಸಿಕ್ಕಿಬೀಳುತ್ತದೆ. ನಂತರ ಎಕ್ಸ್‌ರೇ ಪಟ್ಟಿಯಲ್ಲಿ ಎರಡೂ ಮೈಗೆ ಸವರಿ, ಬೆಣೆ ತೆಗೆದು ಲಿಂಬನ್ನು ಬೆರಳಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಎದುರು ಮಗ್ಗುಲಲ್ಲಿ ಅಂಟು ಮಣಿಮಣಿಯಾಗಿ ಬರುವ ತನಕ ಇದು ನಡೆಯಲಿ. ಆ ಮಗ್ಗುಲು ತೆರೆದಿಲ್ಲದಿದ್ದರೆ ಇನ್ನೂ ಹೆಚ್ಚು ಹೊತ್ತು.

ದುರ್ಗದ ಬಡಗಿ:

ಬಿಗಿಯೋ ಮಾತು. ಜಿ ಕ್ಲಾಂಪನ್ನೇ ಸಾಲಾಗಿ ಹಾಕಿ ತಿರುಗಿಸಿದ್ರೆ ಎಪಾಕ್ಸಿ ಎಲ್ಲಾ ಹೊರಗೆ ಬಂದು ಸಂದು ಒಣಗಿ ಕೂರ್ತದೆ. ಫೆವಿಕಾಲಿಗೆ ಬಿಗಿ ಬೇಕು, ಎಪಾಕ್ಸಿಗೆ ಮೈಗೆ ಮೈ ಮುಟ್ಟಿದ್ರೆ ಸಾಕು. ಸೈಕಲ್ ಟ್ಯೂಬನ್ನ ಉದ್ದಕ್ಕೆ ಸೀಳಿ ಒಂದಿಂಚು ಅಗಲದ ಪಟ್ಟಿ ಮಾಡ್ರಿ. ಸಂದಿನ ಮೇಲೆ ಹಾಲಿನ ಪ್ಯಾಕೆಟಿನ ಹಾಳೆ ಸುತ್ತಿ, ಅದಕ್ಕೆ ಎಪಾಕ್ಸಿ ಹಿಡಿಯಲ್ಲ, ಅದರ ಮೇಲೆ ಟ್ಯೂಬನ್ನ ಅರ್ಧಕ್ಕರ್ಧ ಮೇಲೆಬಿದ್ದಂಗೆ ಎಳೆದು ಸುತ್ತುತಾ ಬರ್ರಿ. ಗಟ್ಟಿ ಇರೋ ಕಡೆಯಿಂದ ಹಿಡಿ ಕಡೆಗೆ ಸುತ್ತಿದ್ರೆ ಗಾಳಿ ಹೊರಗೆ ಹೋಗ್ತದೆ. ಪದರಗಳು ಪಕ್ಕಕ್ಕೆ ಜಾರಿಲ್ಲ ಅಂತ ಎರಡು ಸುತ್ತಿಗೊಮ್ಮೆ ಅಂಚು ಸವರಿ ನೋಡ್ರಿ, ಹಸಿ ಎಪಾಕ್ಸಿ ಎಣ್ಣೆ ಇದ್ದಂಗೆ, ಜಾರಿಸಿಬಿಡ್ತದೆ.

ಬಿಲ್ಲು ಹೆದೆ ಇಲ್ಲದೆ ತನ್ನ ಸಹಜ ಆಕಾರದಾಗೇ ಇರಬೇಕು. ನೆಟ್ಟಗಿರೋ ಹಲಗೆಗೆ ಅದುಮಿ ಕಟ್ಟಿದ್ರೆ ಆ ಆಕಾರವೇ ಅಂಟಿನಾಗೆ ಉಳಿದು, ಎರಡು ಲಿಂಬ್ ಎರಡು ಥರ ಬಾಗ್ತವೆ.

ಅಂಟಿನ ಲೆಕ್ಕ:

ಈಗ ಬೇಸಿಗೆಯ ಹಗಲಾದರೆ ಮನೆಯೊಳಗೆ ಇಟ್ಟರೆ ಸಾಕು, 24 ಗಂಟೆ ಟ್ಯೂಬ್ ಬಿಚ್ಚಬೇಡಿ. ಡಿಸೆಂಬರ್ ರಾತ್ರಿಗಳಲ್ಲಿ ಇದೇ ಕೆಲಸ ಮಾಡುವವರು ರಟ್ಟಿನ ಪೆಟ್ಟಿಗೆಯೊಳಗೆ, ಕೋಳಿಮರಿಗೆ ಕಾವು ಕೊಡಲು ಹಾಕುವ 60 ವ್ಯಾಟಿನ ಬುರುಡೆ ಬಲ್ಬ್ ಹಾಕಿ 40-45 ಡಿಗ್ರಿ ಕಾಯ್ದುಕೊಳ್ಳಬಹುದು. ಬಲ್ಬ್ ರಟ್ಟಿಗಾಗಲಿ ಬಿಲ್ಲಿಗಾಗಲಿ ತಾಕಬಾರದು, ಥರ್ಮಾಮೀಟರ್ ಇರಲೇಬೇಕು.

ಮರೀನ್ ಪಕ್ಷ:

ಹೆಚ್ಚು ಕಾವಿನಲ್ಲಿ ಬೇಯಿಸಿದರೆ ಎಪಾಕ್ಸಿ ಮುಂದೆ ಹೆಚ್ಚು ಬಿಸಿ ತಡೆಯುತ್ತದಲ್ಲ? ಫೈಬರ್‌ಗ್ಲಾಸ್ ಬಿಲ್ಲು ಮಾಡುವವರು ಕಾವಿನ ಪೆಟ್ಟಿಗೆಯಲ್ಲೇ ಇಡುತ್ತಾರೆ. 45ಕ್ಕೆ ಯಾಕೆ ನಿಲ್ಲಿಸಬೇಕು?

ಅಂಟಿನ ಲೆಕ್ಕ:

ಹೊಸ ಬಿಲ್ಲಿಗೆ ನಿಮ್ಮ ಮಾತು ಸರಿ. ಇಲ್ಲಿ ಹಿಡಿ, ಮೇಲಿನ ಲಿಂಬ್, ಕೆಳಲಿಂಬಿನ ಉಳಿದ ಭಾಗ ಎಲ್ಲವೂ ಹಳೇ ಅಂಟಿನ ಮೇಲೆ ನಿಂತಿವೆ. ಆ ಅಂಟು ಬಿಸಿನೀರಿನಲ್ಲಿ ಬಾಗಿದ್ದನ್ನು ಅವರೇ ಬರೆದಿದ್ದಾರೆ. 65-70ಕ್ಕೆ ಏರಿಸಿದರೆ ಒಂದು ಸಂದು ಮುಚ್ಚಲು ಹೋಗಿ ಇನ್ನೊಂದು ತೆರೆಯುತ್ತದೆ. ಬಿದಿರು ಅತಿಯಾಗಿ ಒಣಗಿ ಕುಗ್ಗುವುದು ಬೇರೆ. ಬಿದಿರೂ ಸಾಗುವಾನಿಯೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಆ ವ್ಯತ್ಯಾಸವನ್ನು ಹೊರುವುದು ಅಂಟಿನ ಗೆರೆಯೇ.

ಕೆಳಲಿಂಬ್:

ಅರ್ಥವಾಯಿತು. ಮೇಲಿಂದ ದಾರ ಸುತ್ತಿ ಭದ್ರ ಮಾಡಬೇಕಾ? ಚಪ್ಪಲಿ ಹೊಲಿಯುವ ದಾರ ಇದೆ, ಒಳ್ಳೆ ಗಟ್ಟಿ. ಮತ್ತೆ ಎಷ್ಟು ದಿನಕ್ಕೆ ಎಳೆಯಬಹುದು?

ದುರ್ಗದ ಬಡಗಿ:

ಸುತ್ತಲೇಬೇಕು. ಅಂಚಿನಿಂದ ಸುಲಿಯೋ ಬಲ ತಡೆಯೋದು ಅದೇ. ಆದ್ರೆ ಚಪ್ಪಲಿ ದಾರಕ್ಕೆ ಮೇಣ ಹಚ್ಚಿರ್ತಾರೆ, ಎಪಾಕ್ಸಿ ಕುಡಿಯಲ್ಲ. ಲಿನನ್ ದಾರ ಸಿಕ್ಕರೆ ಸರಿ. ಅದಕ್ಕಿಂತ ಚೆಂದ ಹುರಿ ಹಾಕಿದ ರೇಷ್ಮೆ. ಮೊಳಕಾಲ್ಮೂರು ಸೀರೆ ನೇಯೋರ ಹತ್ರ ಕೇಳ್ರಿ, ಗಂಜಿ ಹಾಕದ ಮಿಕ್ಕ ನೂಲು ಇದ್ರೆ ಅದೇ ಸಾಕು. ಸಂದು ಶುರುವಾದ ಜಾಗ ನಡುವೆ ಬರೋ ಹಂಗೆ ಒಂದೂವರೆ ಇಂಚು, ಸಂದು ಮುಗಿದಿದ್ದ ಕಡೆ ಮುಕ್ಕಾಲು ಇಂಚು. ಅಷ್ಟು ಜಾಗದ ವಾರ್ನಿಷ್ ಮೊದಲು ಉಜ್ಜಿ ತೆಗೀರಿ, ಮಗ್ಗುಲಿನ ಚೂಪು ಮೂಲೆ ಸ್ವಲ್ಪ ದುಂಡಗೆ ಮಾಡ್ರಿ, ಇಲ್ಲಾಂದ್ರೆ ದಾರ ಅಲ್ಲೇ ಕತ್ತರಿಸ್ತದೆ. ಎಳೆಗೆ ಎಳೆ ಒತ್ತಿದಂಗೆ ಒಂದೇ ಪದರ ಸುತ್ತಿ, ತುದಿಯನ್ನ ಕೊನೇ ಏಳೆಂಟು ಸುತ್ತಿನ ಕೆಳಗೆ ಎಳೆದು ಬಿಡ್ರಿ, ಗಂಟು ಬ್ಯಾಡ. ಮೇಲೆ ಬಿಸಿ ಮಾಡಿದ ಎಪಾಕ್ಸಿಯನ್ನ ಬೆರಳಿನಿಂದ ತೀಡಿ ಕುಡಿಸಿ, ಮಿಕ್ಕಿದ್ದು ಒರೆಸ್ರಿ. ದಪ್ಪಗೆ ಬಿಟ್ರೆ ಲಿಂಬ್ ಆ ಜಾಗದಾಗೆ ಬಾಗದೆ, ಅದರ ಮುಂದಿನ ಜಾಗಕ್ಕೆ ಭಾರ ಬೀಳ್ತದೆ.

ಅದಕ್ಕೂ ಮೊದಲು, ಟ್ಯೂಬ್ ಬಿಚ್ಚಿದ ಮೇಲೆ ಹೊರಗೆ ಬಂದ ಅಂಟನ್ನ ಉಳಿಯಿಂದ ಒಡೀಬ್ಯಾಡ್ರಿ, ಬಿದಿರಿನ ನಾರು ಜೊತೆಗೆ ಎದ್ದು ಬರ್ತದೆ. ಅರ (ಫೈಲು) ಇಲ್ಲವೇ ಬ್ಲೇಡಿನ ಅಂಚಿನಿಂದ ಹೆರೀರಿ. ನಾಣ್ಯ ತಟ್ಟಿ ನೋಡ್ರಿ. ಎಲ್ಲಾದ್ರೂ ಡಬ್ ಅಂದ್ರೆ ದಾರ ಸುತ್ತಬ್ಯಾಡ್ರಿ, ಮತ್ತೆ ತೆರೆದು ತುಂಬ್ರಿ.

ಅಂಟಿನ ಲೆಕ್ಕ:

ದಾರದ ಅಂಟು ಹಾಕಿ ಮೂರು ದಿನ ಹೆದೆ ಬೇಡ. ಪೂರ್ತಿ ಎಳೆತಕ್ಕೆ ಒಂದು ವಾರ. ಮೊದಲ ಎಳೆತ ಕೈಯಲ್ಲಿ ಬೇಡ. ಬಿಲ್ಲಿನ ಹಿಡಿಯನ್ನು ಗೋಡೆಯ ಗಟ್ಟಿ ಗೂಟಕ್ಕೆ ಬಟ್ಟೆ ಸುತ್ತಿ ಕೂರಿಸಿ, ಹೆದೆಯ ನಡುವಿಗೆ ಕೊಕ್ಕೆ, ಲಗೇಜ್ ತೂಗುವ ಡಿಜಿಟಲ್ ಕೈತಕ್ಕಡಿ, ಅದಕ್ಕೆ ಹಗ್ಗ, ಕೆಳಗೊಂದು ರಾಟೆ. ಹಗ್ಗ ಹಿಡಿದು ಪಕ್ಕದಲ್ಲಿ, ದೂರ ನಿಲ್ಲಿ, ಕನ್ನಡಕ ಇರಲಿ. ಹತ್ತು ಇಂಚಿಗೆ ಇಪ್ಪತ್ತು ಮೂವತ್ತು ಸಲ, ಆಮೇಲೆ ಹದಿನೈದು, ಇಪ್ಪತ್ತು, ಹೀಗೆ. ಪ್ರತಿ ಹಂತದ ನಂತರ ಸಂದಿನ ಎರಡೂ ಮಗ್ಗುಲು ನೋಡಿ. ವಾರ್ನಿಷ್ ಮೇಲೆ ಬಿಳಿ ಗೆರೆ ಹೊಸದಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಎಳೆದ ಹೆದೆಯನ್ನು ಥಟ್ಟನೆ ಬಿಡುವುದು ಬೇಡ, ನಿಧಾನಕ್ಕೆ ಇಳಿಸುವುದು.

28 ಇಂಚಿಗೆ ತಕ್ಕಡಿ 13 ಕೆಜಿಯ ಆಸುಪಾಸು ತೋರಿಸಿದರೆ ಸರಿ. 12ಕ್ಕಿಂತ ಕೆಳಗೆ ಬಂದರೆ ಒಳಗೆ ಇನ್ನೂ ಎಲ್ಲೋ ಜಾರುತ್ತಿದೆ ಎಂದು ತಿಳಿಯಿರಿ. ಹೆದೆ ಏರಿಸಿದ ಸ್ಥಿತಿಯಲ್ಲಿ ಹೆದೆಯಿಂದ ಎರಡೂ ಲಿಂಬಿನ ಬುಡಕ್ಕೆ ಅಂತರ ಅಳೆಯಿರಿ. ಮೂರು ಬೆರಳು ಬಾಣದ ಮೇಲೊಂದು ಕೆಳಗೆರಡು ಹಿಡಿದು ಎಳೆಯುವವರಿಗೆ ಮೇಲಿನ ಅಂತರ 3 ರಿಂದ 6 ಮಿಮೀ ಹೆಚ್ಚಿದ್ದರೆ ಮಾಮೂಲು. ದಾರ ಸುತ್ತಿದ್ದರಿಂದ ಕೆಳಲಿಂಬ್ ಕೊಂಚ ಬಿಗಿಯಾಗಿರುತ್ತದೆ, ವ್ಯತ್ಯಾಸ 8 ದಾಟಿದರೆ ಹಿಡಿಯುವ ಜಾಗವನ್ನು ಸ್ವಲ್ಪ ಬದಲಿಸಿ ನೋಡಿ, ಮರ ಹೆರೆಯಲು ಹೋಗಬೇಡಿ.

ಕೆಳಲಿಂಬ್:

ಕೊನೇ ಒಂದು. ಮೇಲಿನ ತುದಿಯಲ್ಲಿ, ಹೆದೆ ಕೂರುವ ಕಚ್ಚಿನ ಪಕ್ಕ ಕೊಂಬಿನ ತುಂಡು ಅಂಟಿಸಿದ್ದಾರೆ. ಅದರ ಅಂಚು ಉಗುರಿಗೆ ಸಿಗುವಷ್ಟು ಎದ್ದಿದೆ. ಅದಕ್ಕೂ ಇದೇ ಕ್ರಮವಾ?

ದುರ್ಗದ ಬಡಗಿ:

ಅದಕ್ಕೆ ಇಷ್ಟೆಲ್ಲಾ ಬ್ಯಾಡ. ಫೆವಿಕ್ವಿಕ್ ಕೆಲಸಕ್ಕೆ ಬರೋದು ಇಂಥ ಕಡೆಗೇ. ಆ ತುಂಡು ಬಾಗಲ್ಲ, ಸಂದೂ ಕೂದಲಷ್ಟೇ. ಅಸಿಟೋನ್ ಒಂದು ಹನಿ ಬಿಟ್ಟು ಆರಿಸಿ, ಬಿಲ್ಲನ್ನ ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಒಂದು ಹನಿ ಹೀರ್ಕೊಳ್ಳೋಕೆ ಬಿಡ್ರಿ. ಒಂದು ನಿಮಿಷ ಬಟ್ಟೆ ಚಿಮಟಿಗೆ ಹಾಕಿ ಒತ್ತಿ ಹಿಡೀರಿ. ಕಚ್ಚಿನೊಳಗೆ ಹರಿದು ಗಟ್ಟಿಯಾದ್ರೆ ಅದರ ಚೂಪು ಅಂಚು ಹೆದೆ ಕೊಯ್ತದೆ, 400 ನಂಬರಿನ ಕಾಗದದಾಗೆ ದಾರ ಎಳೆದಂಗೆ ಉಜ್ಜಿ ನುಣುಪು ಮಾಡ್ರಿ. ಬರೀ ಉಗುರಿಗೆ ಸಿಗೋದಲ್ಲದೆ ತುಂಡೇ ಅಲುಗಾಡ್ತಿದ್ರೆ ಮಾತ್ರ ಪೂರ್ತಿ ಕಿತ್ತು, ಎರಡೂ ಮೈ ಉಜ್ಜಿ, ಮಿಕ್ಕ ಅರಾಲ್ಡೈಟ್‌ನಾಗೇ ಕೂರಿಸ್ರಿ. ಕೆಳಲಿಂಬಿನ ಕೆಲಸದ ದಿನವೇ ಮಾಡಿದ್ರೆ ಆ 10 ಮಿಲೀ ವ್ಯರ್ಥ ಆಗಲ್ಲ.